ತಳಿಗೆ, ಅಡ್ಡಣಿಗೆ, ಬೆಳ್ಳಿಯ ಬಟ್ಟಲು: ಕಲ್ಯಾಣನಾಡಿನ ಊಟದ ಪಾತ್ರೆಗಳು ಹೇಳುವ ಚರಿತ್ರೆ

ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣದ ವೈಭವವನ್ನು ಕುರಿತು ಬರೆದವರು ಬಹುಮಂದಿ. ಶಾಸನಗಳು, ದೇವಾಲಯಗಳು, ಕೋಟೆ, ಕಾವ್ಯ, ವಚನ ಇವೆಲ್ಲವೂ ಆ ಬರಹಗಳಿಗೆ ಆಧಾರವಾಗಿವೆ. ಆದರೆ ಆ ಪಟ್ಟಣದ ಜನ ಯಾವುದರಲ್ಲಿ ಉಂಡರು, ಯಾವುದರಲ್ಲಿ ಕುಡಿದರು, ಉಂಡ ಕೈಯನ್ನು ಯಾವುದರಲ್ಲಿ ತೊಳೆದರು ಎಂಬ ಪ್ರಶ್ನೆಗೆ ವಿದ್ವಾಂಸರು ಅಷ್ಟಾಗಿ ಮನಗೊಟ್ಟಿಲ್ಲ. ಪ್ರಶ್ನೆ ಅಲ್ಪವೆಂದು ತೋರಬಹುದು. ಆದರೆ ಒಂದು ನಾಡಿನ ಕಸುಬು, ಸಿರಿ, ಆಚಾರ ಈ ಮೂರೂ ಒಂದೆಡೆ ಕೂಡುವ ವಸ್ತು ಊಟದ ಪಾತ್ರೆಯಲ್ಲದೆ ಮತ್ತೊಂದಿಲ್ಲ. ಅದರಲ್ಲಿಯೂ ಬೆಳ್ಳಿಯ ಪಾತ್ರೆಯಲ್ಲಿ ಈ ಮೂರೂ ಎದ್ದು ಕಾಣುತ್ತವೆ.

ಈ ಶೋಧಕ್ಕೆ ಮೊದಲಲ್ಲಿಯೇ ಒಂದು ತೊಡಕುಂಟು. ಸುಮಾರು ಕ್ರಿ.ಶ. 1045ರಲ್ಲಿ ಚೋಳರಾಜಾಧಿರಾಜನು ಕಲ್ಯಾಣದ ಮೇಲೆ ದಂಡೆತ್ತಿ ಬಂದು ಪಟ್ಟಣವನ್ನು ಸುಟ್ಟು, ಅಲ್ಲಿಂದ ಒಂದು ದ್ವಾರಪಾಲಕನ ಶಿಲಾವಿಗ್ರಹವನ್ನು ತನ್ನ ನಾಡಿಗೆ ಒಯ್ದನು. ಆ ವಿಗ್ರಹದ ಪೀಠದ ಮೇಲೆ ಈ ಸಂಗತಿಯನ್ನು ತಮಿಳಿನಲ್ಲಿ ಬರೆಯಿಸಿದನು. ದಾರಾಸುರದಲ್ಲಿದ್ದ ಆ ಕಲ್ಲು ಬಳಿಕ ತಂಜಾವೂರಿನ ಸಂಗ್ರಹಾಲಯವನ್ನು ಸೇರಿ ಉಳಿದಿದೆ. ಅರಮನೆಯನ್ನು ಸೂರೆಮಾಡಿದ ದಂಡು ಕಲ್ಲನ್ನೇ ಹೊತ್ತೊಯ್ದ ಮೇಲೆ ಬೆಳ್ಳಿಬಂಗಾರಗಳನ್ನು ಬಿಟ್ಟುಹೋಗಿರಲಾರದು. ಚೋಳರ ರೂಢಿಯೂ ಅದನ್ನೇ ಸೂಚಿಸುತ್ತದೆ: ರಾಜರಾಜನು ತಂಜಾವೂರಿನ ಬೃಹದೀಶ್ವರನಿಗೆ ಒಪ್ಪಿಸಿದ ಬೆಳ್ಳಿಯ ಪಾತ್ರೆಗಳಲ್ಲಿ ಚೇರ, ಪಾಂಡ್ಯರನ್ನು ಗೆದ್ದು ತಂದ ಸೂರೆಯ ಭಾಗವೂ ಇತ್ತೆಂದು ಆ ಗುಡಿಯ ಶಾಸನಗಳೇ ತೂಕಸಮೇತ ಹೇಳುತ್ತವೆ. ಕಲ್ಲನ್ನು ಕರಗಿಸಿ ಬೇರೊಂದು ಕಲ್ಲು ಮಾಡಲಾಗದು. ಬೆಳ್ಳಿಯನ್ನಾದರೋ ಒಂದು ಗಳಿಗೆಯಲ್ಲಿ ಕರಗಿಸಿ ನಾಣ್ಯವಾಗಿಯೋ ಕಡಗವಾಗಿಯೋ ಮಾರ್ಪಡಿಸಬಹುದು. ಆದಕಾರಣ ಹನ್ನೆರಡನೆಯ ಶತಮಾನದ ಕಲ್ಯಾಣದ ಬೆಳ್ಳಿಯ ತಟ್ಟೆಯನ್ನು ಹುಡುಕಹೊರಟವನು ಮೊದಲು ಗ್ರಂಥಗಳನ್ನೂ ಶಬ್ದಗಳನ್ನೂ ತೆರೆಯಬೇಕು. ವಸ್ತುಗಳು ಬಹಳ ತಡವಾಗಿ ದೊರೆಯುತ್ತವೆ.

ಗ್ರಂಥಗಳಲ್ಲಿ ಮೊದಲನೆಯದು ‘ಮಾನಸೋಲ್ಲಾಸ’. ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿನಲ್ಲಿ ರಚಿಸಿದ ಈ ಸಂಸ್ಕೃತ ವಿಶ್ವಕೋಶದಲ್ಲಿ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳಿವೆ. ಮೂರನೆಯ ವಿಂಶತಿಯಲ್ಲಿ ಬರುವ ಅನ್ನಭೋಗ, ಪಾನೀಯಭೋಗ ಎಂಬ ಪ್ರಕರಣಗಳು ಕಲ್ಯಾಣದ ಅರಮನೆಯ ಊಟವನ್ನು ಕಣ್ಣಿಗೆ ಕಟ್ಟುವಂತೆ ನಿರೂಪಿಸುತ್ತವೆ. ಇಂದಿನ ಇಡ್ಡಲಿ, ದೋಸೆ, ವಡೆ, ಮಂಡಿಗೆಗಳ ಹಳೆಯ ಹೆಸರುಗಳು ಅಲ್ಲಿ ಸಿಕ್ಕುವುದರಿಂದ ಅಡುಗೆಯ ಚರಿತ್ರಕಾರರು ಆ ಪುಟಗಳನ್ನು ಮತ್ತೆ ಮತ್ತೆ ತಿರುವಿಹಾಕಿದ್ದಾರೆ. ಆದರೆ ಪಾತ್ರೆಯ ದೃಷ್ಟಿಯಿಂದ ಓದಿದವರು ವಿರಳ. ಅರಸನು ಮೆತ್ತೆಯ ಆಸನದ ಮೇಲೆ ಕುಳಿತು, ಹೊಕ್ಕುಳಿಂದ ಮೊಣಕಾಲಿನವರೆಗೆ ಬಿಳಿಯ ವಸ್ತ್ರವನ್ನು ಹೊದಿಸಿಕೊಂಡು, ಚಿನ್ನದ ದೊಡ್ಡ ತಟ್ಟೆಯಲ್ಲಿ ಉಣ್ಣುತ್ತಾನೆ. ತಟ್ಟೆಯೊಂದಿಗೆ ಚಿಕ್ಕ ಚಿಕ್ಕ ಬಟ್ಟಲುಗಳಿರುತ್ತವೆ. ಮೊದಲು ತೊವ್ವೆ ತುಪ್ಪದ ಅನ್ನ, ನಡುವೆ ಪಾಯಸಾದಿ ಸಿಹಿಗಳು, ಕಡೆಗೆ ಮೊಸರು ಮಜ್ಜಿಗೆ ಎಂಬ ಕ್ರಮವುಂಟು.

ಬಟ್ಟಲು ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಈ ಕ್ರಮದಲ್ಲಿಯೇ ಇದೆ. ಎಲ್ಲವನ್ನೂ ಒಂದೇ ಸಲಕ್ಕೆ ಒಂದೇ ಪಾತ್ರೆಯಲ್ಲಿ ಕಲಸಿ ಉಣ್ಣುವವನಿಗೆ ಬಟ್ಟಲಿನ ಅವಶ್ಯಕತೆಯಿಲ್ಲ. ಹುಳಿ, ಸಿಹಿ, ತುಪ್ಪ, ಮೊಸರು ಇವನ್ನು ಬೇರೆ ಬೇರೆ ಇರಿಸಿಕೊಂಡು ಸರದಿಯಂತೆ ಸವಿಯುವವನಿಗೆ ಮಾತ್ರ ಬಟ್ಟಲುಗಳ ಸಾಲು ಬೇಕಾಗುತ್ತದೆ. ಒಂದು ಮನೆಯಲ್ಲಿರುವ ಬಟ್ಟಲುಗಳ ಸಂಖ್ಯೆಯನ್ನು ಎಣಿಸಿದರೆ ಆ ಮನೆಯಲ್ಲಿ ಎಷ್ಟು ಬಗೆಯ ವ್ಯಂಜನಗಳನ್ನು ಬಡಿಸುತ್ತಿದ್ದರೆಂಬುದನ್ನು ಸ್ಥೂಲವಾಗಿ ಊಹಿಸಬಹುದು.

ಅದೇ ಗ್ರಂಥದ ಮೊದಲ ವಿಂಶತಿಯಲ್ಲಿ ಮೇಣದ ಅಚ್ಚಿನಿಂದ ಲೋಹದ ವಿಗ್ರಹವನ್ನು ಎರೆಯುವ ವಿಧಾನವಿದೆ. ಮೇಣದಲ್ಲಿ ಪ್ರತಿಮೆಯನ್ನು ಮಾಡಿ, ಮಣ್ಣನ್ನು ಬಳಿದು, ಒಣಗಿಸಿ, ಮೇಣವನ್ನು ಕರಗಿಸಿ ಹೊರಹರಿಸಿ, ಆ ಟೊಳ್ಳಿನಲ್ಲಿ ಲೋಹವನ್ನು ಹೊಯ್ಯಬೇಕು. ಬೆಳ್ಳಿಯಾದರೆ ಮೇಣದ ತೂಕದ ಹನ್ನೆರಡು ಪಟ್ಟು ತೆಗೆದುಕೊಳ್ಳಬೇಕೆಂದು ಸೋಮೇಶ್ವರನು ಲೆಕ್ಕ ಕೊಟ್ಟಿದ್ದಾನೆ. ಈ ಲೆಕ್ಕವನ್ನು ಇಂದಿನ ಭೌತಶಾಸ್ತ್ರದೊಂದಿಗೆ ಹೋಲಿಸಿ ನೋಡಬಹುದು. ಬೆಳ್ಳಿ ನೀರಿಗಿಂತ ಸುಮಾರು ಹತ್ತೂವರೆ ಪಟ್ಟು ಭಾರ. ಜೇನುಮೇಣ ನೀರಿಗಿಂತ ತುಸು ಹಗುರ. ಎಂದರೆ ಮೇಣ ತುಂಬಿದ್ದ ಎಡೆಯನ್ನು ಬೆಳ್ಳಿ ತುಂಬಲು ಸುಮಾರು ಹನ್ನೊಂದು ಪಟ್ಟು ತೂಕ ಬೇಕು. ಉಳಿದ ಒಂದು ಪಾಲು ಮೂಸೆಯಲ್ಲಿಯೂ ನಾಳದಲ್ಲಿಯೂ ನಿಂತುಹೋಗುವ ಲೋಹಕ್ಕೆ. ಹೀಗೆ ಲೆಕ್ಕವನ್ನು ಬರೆದವನು ಕುಲುಮೆಯ ಬಳಿ ನಿಂತು ಕಂಡವನು, ಅಥವಾ ಕಂಡವರಿಂದ ಕೇಳಿದವನು ಎಂಬುದರಲ್ಲಿ ಸಂದೇಹವಿಲ್ಲ. ಪ್ರಕರಣವು ವಿಗ್ರಹಗಳನ್ನು ಕುರಿತದ್ದಾದರೂ ಬೆಳ್ಳಿಯನ್ನು ಅಳೆದು ಎರೆಯಬಲ್ಲ ಕಸುಬುದಾರರು ಕಲ್ಯಾಣದ ಅರಮನೆಯ ಪರಿಚಯದಲ್ಲಿದ್ದರೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ.

ಅರಮನೆಯ ಮಾತು ಇಷ್ಟಾಯಿತು. ಅದೇ ಪಟ್ಟಣದಲ್ಲಿ, ಸೋಮೇಶ್ವರನು ಗತಿಸಿ ಮೂರು ದಶಕಗಳು ಕಳೆಯುವುದರೊಳಗೆ, ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣನವರೂ ಇತರ ಶರಣರೂ ಬೇರೊಂದು ಬಗೆಯ ಪಂಕ್ತಿಯನ್ನು ಹಾಕಿದರು. ವಚನಗಳನ್ನು ಊಟದ ಪಾತ್ರೆಗಳ ದೃಷ್ಟಿಯಿಂದ ಓದುವುದು ವಿಚಿತ್ರವೆಂದು ಕೆಲವರಿಗೆ ತೋರೀತು. ಆದರೆ ಶಬ್ದಗಳು ತಮ್ಮ ಕಾಲದ ಮನೆಯೊಳಗನ್ನು ಹೊತ್ತು ತರುತ್ತವೆ. ತಳಿಗೆ, ಬಟ್ಟಲು, ಗಿಂಡಿ, ಹರಿವಾಣ, ಮಡಕೆ, ಕುಡಿಕೆ ಇವು ಹಳಗನ್ನಡ ನಡುಗನ್ನಡಗಳಲ್ಲಿ ಬಳಕೆಯಾದ ಮಾತುಗಳು. ‘ತಳಿಗೆ’ ಎಂಬುದು ಪಾತ್ರೆಯ ಹೆಸರಾಗಿದ್ದು, ಕಾಲಕ್ರಮದಲ್ಲಿ ಆ ಪಾತ್ರೆಯಲ್ಲಿ ಬಡಿಸಿದ ಅನ್ನಕ್ಕೂ ದೇವರಿಗಿಡುವ ಎಡೆಗೂ ಹೆಸರಾಯಿತು. ಪಾತ್ರೆಯೂ ಅನ್ನವೂ ಒಂದೇ ಮಾತಿನಲ್ಲಿ ಬೆರೆತುಹೋದದ್ದು ಗಮನಿಸತಕ್ಕ ಸಂಗತಿ.

ಮಹಮನೆಯ ಪರಿವಾರದಲ್ಲಿ ಹಡಪದ ಅಪ್ಪಣ್ಣನವರ ಹೆಸರು ಯಾರಿಗೆ ತಿಳಿಯದು? ಹಡಪವೆಂದರೆ ಎಲೆಯಡಕೆಯ ಸಂಚಿ ಅಥವಾ ಪೆಟ್ಟಿಗೆ. ಅದನ್ನು ಹಿಡಿದು ನಿಲ್ಲುವುದು ಒಂದು ಕಾಯಕ. ಊಟವಾದ ಮೇಲೆ ತಾಂಬೂಲವೆಂಬುದು ಅಂದಿನ ದೊಡ್ಡ ಮನೆಗಳಲ್ಲಿ ಎಷ್ಟು ನಿಯತವಾಗಿತ್ತೆಂದರೆ, ಅದಕ್ಕೆಂದೇ ಒಬ್ಬ ವ್ಯಕ್ತಿಯೂ ಒಂದು ಪಾತ್ರೆಯೂ ಇದ್ದುವು. ಆ ಪಾತ್ರೆಯ ಹೆಸರೇ ವ್ಯಕ್ತಿಯ ಹೆಸರಿಗೆ ಅಂಟಿಕೊಂಡಿತು. ಕಿನ್ನರಿ ಬೊಮ್ಮಯ್ಯನವರು ಕಲ್ಯಾಣಕ್ಕೆ ಬರುವ ಮುನ್ನ ಅಕ್ಕಸಾಲೆಯ ಕಸುಬಿನವರಾಗಿದ್ದರೆಂದು ಪರಂಪರೆ ಹೇಳುತ್ತದೆ. ಅಕ್ಕಸಾಲಿಗನೂ ಹಡಪಿಗನೂ ಒಂದೇ ಪಂಕ್ತಿಯಲ್ಲಿ ಕುಳಿತರೆಂಬುದೇ ಆ ಕಾಲದ ವಿಶೇಷ.

ಮಾದಾರ ಚೆನ್ನಯ್ಯನವರ ಕಥೆಯನ್ನು ಇಲ್ಲಿ ನೆನೆಯುವುದು ಉಚಿತ. ಚೋಳರಾಜನು ನಿತ್ಯವೂ ಶಿವನಿಗೆ ಷಡ್ರಸಾನ್ನದ ನೈವೇದ್ಯವನ್ನು ಅರ್ಪಿಸುತ್ತಿದ್ದನು. ಒಂದು ದಿನ ಅದು ಮುಟ್ಟದೆ ಉಳಿಯಿತು. ಕಾರಣವನ್ನರಸಿದಾಗ ಶಿವನು ಚೆನ್ನಯ್ಯನ ಮನೆಯಲ್ಲಿ ಅಂಬಲಿಯನ್ನು ಸವಿದಿದ್ದನೆಂದು ತಿಳಿಯಿತು. ಭಕ್ತಿಯ ಮಹಿಮೆಯನ್ನು ಹೇಳುವುದಕ್ಕೆ ಹುಟ್ಟಿದ ಕಥೆಯಿದು, ನಿಜ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಇದರಲ್ಲಿ ಇನ್ನೊಂದು ಅಂಶವೂ ಕಾಣುತ್ತದೆ: ಅರಸನ ತಳಿಗೆಗೂ ಅಂಬಲಿಯ ಮಡಕೆಗೂ ಇದ್ದ ಅಂತರವು ಕೇಳುಗರ ಅನುಭವದಲ್ಲಿ ಗಾಢವಾಗಿದ್ದುದರಿಂದಲೇ ಈ ಕಥೆ ಅವರ ಮನಸ್ಸನ್ನು ನಾಟಿತು. ಆದ್ದರಿಂದ ‘ಮಾನಸೋಲ್ಲಾಸ’ವೊಂದನ್ನೇ ಓದಿ ಕಲ್ಯಾಣದವರೆಲ್ಲರೂ ಚಿನ್ನಬೆಳ್ಳಿಗಳಲ್ಲಿ ಉಂಡರೆಂದು ಬರೆಯುವವರು ಪಟ್ಟಣದ ಬಹುಭಾಗವನ್ನು ಕಾಣದೆ ಬರೆಯುತ್ತಾರೆ. ಮಡಕೆಯ ಚೂರು ಇಂದಿಗೂ ನೆಲವನ್ನಗೆದರೆ ಸಿಕ್ಕುತ್ತದೆ; ಅದು ಬಹುಜನರ ಸಾಕ್ಷ್ಯ. ಬೆಳ್ಳಿ ಕೆಲವರ ಸಾಕ್ಷ್ಯ.

ವೀರಶೈವ ಮನೆಗಳ ಊಟದಲ್ಲಿ ಪಾತ್ರೆಯಷ್ಟೇ ಮುಖ್ಯವಾದದ್ದು ಅಡ್ಡಣಿಗೆ. ಮೂರು ಕಾಲಿನ ಈ ಚಿಕ್ಕ ಪೀಠದ ಮೇಲೆ ಗಂಗಾಳವನ್ನೋ ತಟ್ಟೆಯನ್ನೋ ಇರಿಸಿ ಉಣ್ಣುವುದು ಉತ್ತರ ಕರ್ನಾಟಕದಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಅನ್ನವು ನೆಲಕ್ಕೆ ಸೋಕಬಾರದು, ಪ್ರಸಾದವೆಂದು ಕೈಕೊಂಡುದರಲ್ಲಿ ಒಂದು ಅಗುಳೂ ಚೆಲ್ಲಬಾರದು ಎಂಬ ಭಾವನೆಗೆ ಇದು ಅನುಕೂಲ. ಕಬ್ಬಿಣದ ಅಡ್ಡಣಿಗೆ, ಮರದ ಅಡ್ಡಣಿಗೆ, ಹಿತ್ತಾಳೆಯದು ಹೀಗೆ ಮನೆಯ ಶಕ್ತಿಗೆ ತಕ್ಕ ಭೇದಗಳು. ಇಲ್ಲಿಯೇ ಒಂದು ಹೋಲಿಕೆ ದೊರೆಯುತ್ತದೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ವರ್ತಕ ಫೆರ್ನಾವ್ ನೂನಿಜನು ಅರಸನ ಊಟವನ್ನು ವರ್ಣಿಸುತ್ತ, ಮೂರು ಕಾಲಿನ ದುಂಡನೆಯ ಬಂಗಾರದ ಪೀಠವನ್ನಿಟ್ಟು ಅದರ ಮೇಲೆ ಭಕ್ಷ್ಯಗಳನ್ನು ಇಡುತ್ತಿದ್ದರೆಂದೂ, ದೊಡ್ಡ ಪಾತ್ರೆಗಳೂ ಚಿಕ್ಕ ಬೋಗುಣಿಗಳೂ ಬಂಗಾರದವೇ ಆಗಿದ್ದು ಕೆಲವಕ್ಕೆ ರತ್ನಗಳನ್ನು ಕೆತ್ತಿತ್ತೆಂದೂ, ಪೀಠದ ಮೇಲೆ ವಸ್ತ್ರವನ್ನು ಹಾಸುತ್ತಿರಲಿಲ್ಲವೆಂದೂ ಬರೆದಿದ್ದಾನೆ. ವಿದೇಶೀಯನಿಗೆ ಅದು ವಿಚಿತ್ರವಾದ ಮೇಜಿನಂತೆ ಕಂಡಿತು. ಕನ್ನಡಿಗನಾದ ಓದುಗನಿಗಾದರೋ ಅದು ಬಂಗಾರದ ಅಡ್ಡಣಿಗೆಯೆಂದು ಥಟ್ಟನೆ ಹೊಳೆಯುತ್ತದೆ. ಒಕ್ಕಲಿಗನ ಕಬ್ಬಿಣದ ಅಡ್ಡಣಿಗೆಯೂ ರಾಯನ ಬಂಗಾರದ ಪೀಠವೂ ಆಕಾರದಲ್ಲಿ ಒಂದೇ, ಭೇದವಿರುವುದು ಲೋಹದಲ್ಲಿ.

ಕೆಳದಿಯ ಬಸವಭೂಪಾಲನು ಹದಿನೆಂಟನೆಯ ಶತಮಾನದ ಆರಂಭದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ದಲ್ಲಿಯೂ ಪಾಕಶಾಲೆ, ಪಾತ್ರೆ, ಪಾಕಗಳ ವಿಚಾರ ಬಂದಿದೆ. ವೀರಶೈವ ಅರಸನ ಈ ಗ್ರಂಥವನ್ನು ಚಾಲುಕ್ಯ ಅರಸನ ಗ್ರಂಥದೊಂದಿಗೆ ಪಕ್ಕಪಕ್ಕದಲ್ಲಿಟ್ಟು ಓದುವ ಕೆಲಸವನ್ನು ಯಾರಾದರೂ ತರುಣ ವಿದ್ಯಾರ್ಥಿ ಕೈಗೊಳ್ಳತಕ್ಕದ್ದು.

ಇನ್ನು ಉಳಿದುಬಂದ ವಸ್ತುಗಳ ವಿಚಾರ. ಕಲ್ಯಾಣ, ಮಂಠಾಳ, ಹುಮನಾಬಾದುಗಳ ಈ ಸೀಮೆಗೆ ಬೆಳ್ಳಿಯ ಕಸುಬಿನ ಕೇಂದ್ರವೆಂದರೆ ನೆರೆಯ ಬೀದರ. ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದ ಮೂರನೆಯ ದಶಕದಲ್ಲಿ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ಒಯ್ದರು. ಆ ಊರಿನ ಹೆಸರನ್ನೇ ಪಡೆದ ಬಿದರಿ ಕಸುಬು ಜಗತ್ತಿನಲ್ಲಿ ಪ್ರಸಿದ್ಧವಾಗಿದೆ. ಬಿದರಿಯ ಪಾತ್ರೆ ಬೆಳ್ಳಿಯದೆಂದು ಬಹುಮಂದಿ ಭಾವಿಸುತ್ತಾರೆ. ಅದು ಹಾಗಲ್ಲ. ಪಾತ್ರೆಯ ಮೈ ಸತುವಿನದು. ಅದಕ್ಕೆ ಅಲ್ಪಪ್ರಮಾಣದಲ್ಲಿ, ಸಾಮಾನ್ಯವಾಗಿ ಹದಿನಾರು ಪಾಲು ಸತುವಿಗೆ ಒಂದು ಪಾಲಿನಂತೆ, ತಾಮ್ರವನ್ನು ಬೆರೆಸಿರುತ್ತಾರೆ. ಬೆಳ್ಳಿ ಇರುವುದು ಮೇಲಿನ ಚಿತ್ರದಲ್ಲಿ ಮಾತ್ರ.

ಕೆಲಸದ ಕ್ರಮ ಹೀಗಿದೆ. ಮಣ್ಣಿಗೆ ರಾಳ, ಹರಳೆಣ್ಣೆಗಳನ್ನು ಕೂಡಿಸಿ ಅಚ್ಚು ಮಾಡಿ, ಕರಗಿದ ಲೋಹವನ್ನು ಎರೆಯುತ್ತಾರೆ. ಎರಕ ಆರಿದ ಮೇಲೆ ಅರದಿಂದ ಉಜ್ಜಿ ಮೈಯನ್ನು ನುಣುಪು ಮಾಡುತ್ತಾರೆ. ಮೈಲುತುತ್ತದ ನೀರನ್ನು ಸವರಿದಾಗ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಚೂಪಾದ ಮೊನೆಯಿಂದ ಚಿತ್ರವನ್ನು ಕೈಯಾರೆ ಬರೆಯುತ್ತಾರೆ. ಬಳಿಕ ಸಣ್ಣ ಉಳಿಗಳಿಂದ ಗೆರೆಗಳನ್ನು ತೋಡಿ, ಆ ತೋಡಿನಲ್ಲಿ ಶುದ್ಧ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ಬೆರಕೆಯ ಬೆಳ್ಳಿ ಗಡುಸಾಗಿ ತೋಡಿನಲ್ಲಿ ಕೂರುವುದಿಲ್ಲವಾದ್ದರಿಂದ ಶುದ್ಧ ಬೆಳ್ಳಿಯೇ ಬೇಕು. ತಂತಿಯ ಕೆಲಸಕ್ಕೆ ತಾರ್‌ಕಶಿ, ಆಳವಾಗಿ ತೋಡಿ ತಗಡು ಕೂರಿಸುವುದಕ್ಕೆ ತೆಹ್‌ನಿಶಾನ್, ತುಸು ಉಬ್ಬಿದ ಕೆಲಸಕ್ಕೆ ಜರ್‌ನಿಶಾನ್, ಹೆಚ್ಚು ಉಬ್ಬಿದುದಕ್ಕೆ ಜರ್‌ಬುಲಂದ್, ಹೊದಿಸಿದ ತಗಡನ್ನೇ ಕತ್ತರಿಸಿ ಚಿತ್ರ ಬಿಡಿಸುವುದಕ್ಕೆ ಆಫ್ತಾಬಿ ಎಂದು ಹೆಸರು. ಹೆಸರುಗಳು ಪಾರಸಿಯವು, ಈ ಕಲೆ ಯಾವ ದರಬಾರಿನ ಆಶ್ರಯದಲ್ಲಿ ಬೆಳೆಯಿತೆಂಬುದಕ್ಕೆ ಅವೇ ಸಾಕ್ಷಿ. ಕಡೆಯದಾಗಿ ಪಾತ್ರೆಯನ್ನು ಹದವಾಗಿ ಕಾಯಿಸಿ, ಬೀದರ ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ ಬಳಿಯುತ್ತಾರೆ. ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಳೆ ಬಿಸಿಲು ಕಾಣದ ಮಣ್ಣೇ ಈ ಕೆಲಸಕ್ಕೆ ಆಗುವುದು. ನುರಿತ ಕಸುಬುದಾರರು ಅದನ್ನು ನಾಲಗೆಯ ಮೇಲಿಟ್ಟು ರುಚಿಯಿಂದ ಪರೀಕ್ಷಿಸುತ್ತಾರೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಈಗ ಊಟದ ಪ್ರಶ್ನೆಗೆ ಮರಳೋಣ. ಸಂಗ್ರಹಾಲಯಗಳಲ್ಲಿರುವ ಹಳೆಯ ಬಿದರಿ ಪಾತ್ರೆಗಳನ್ನು ಸಾಲಾಗಿ ನೋಡಿದರೆ ಒಂದು ಸಂಗತಿ ಎದ್ದು ತೋರುತ್ತದೆ: ಕೈತೊಳೆಯಲು ನೀರೆರೆಯುವ ಆಫ್ತಾಬಾ ಎಂಬ ಹೂಜಿ, ಆ ನೀರನ್ನು ಹಿಡಿಯುವ ಸೈಲಾಬ್ಚಿ ಎಂಬ ಬೋಗುಣಿ, ಪಾನದಾನ, ಉಗುಳುವ ಪೀಕದಾನಿ, ಅತ್ತರದಾನಿ, ಹಣ್ಣಿನ ಹರಿವಾಣ, ಹುಕ್ಕಾದ ಬುಡ ಇವೇ ಅಧಿಕ. ಬಿಸಿಯನ್ನ, ಸಾರು, ಹುಳಿಗಳನ್ನು ಬಡಿಸುವ ಪಾತ್ರೆ ಮಾತ್ರ ಅಪರೂಪ. ಕಾರಣ ಲೋಹದ ಗುಣದಲ್ಲಿದೆ. ಹುಳಿ ಸೋಕಿದರೆ ಸತು ಕರಗುತ್ತದೆ. ಪಾತ್ರೆ ಕೆಡುತ್ತದೆ, ಆಹಾರವೂ ಕೆಡುತ್ತದೆ. ಆದಕಾರಣ ಬಿದರಿಯು ಊಟಕ್ಕೆ ಮುಂಚೆ ಮತ್ತು ಊಟಕ್ಕೆ ಬಳಿಕ ಬರುವ ಪಾತ್ರೆ. ಊಟದ ನಡುವೆ ಅದಕ್ಕೆ ಎಡೆಯಿಲ್ಲ. ದರಬಾರಿನ ಶ್ರೀಮಂತಿಕೆಯು ಅನ್ನದ ಪಾತ್ರೆಗಿಂತ ಹೆಚ್ಚಾಗಿ ಕೈತೊಳೆಯುವ, ತಾಂಬೂಲ ಕೊಡುವ, ಪನ್ನೀರು ಚಿಮುಕಿಸುವ ಉಪಚಾರಗಳಲ್ಲಿ ಪ್ರಕಟವಾಗುತ್ತಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ನೆಲದ ಮೇಲೆ ದಸ್ತರಖಾನ ಹಾಸಿ ಉಣ್ಣುವಲ್ಲಿ ಅತಿಥಿಯು ಎದ್ದು ಹೋಗಿ ಕೈ ತೊಳೆಯುವುದಿಲ್ಲ. ನೀರೇ ಅವನ ಬಳಿಗೆ ಬರುತ್ತದೆ. ಹೂಜಿ ಬೋಗುಣಿಗಳು ಜೋಡಿಯಾಗಿ ಇರುವುದಕ್ಕೆ ಇದೇ ಅರ್ಥ. ಹಡಪವನ್ನು ಹಿಡಿದು ನಿಂತವರ ಕಾಲದಿಂದ ಪಾನದಾನದ ಕಾಲದವರೆಗೆ ತಾಂಬೂಲದ ಮನ್ನಣೆಯಾದರೋ ಒಂದೇ ಆಗಿ ನಡೆದುಬಂದಿದೆ.

ಕಾಲನಿರ್ಣಯದಲ್ಲಿಯೂ ಊಟೋಪಚಾರದ ಜ್ಞಾನ ನೆರವಾಗುತ್ತದೆ. ಹುಕ್ಕಾದ ಬುಡವೊಂದನ್ನು ತೋರಿಸಿ ಇದು ಬಹಮನಿ ಕಾಲದ್ದೆಂದು ಹೇಳುವ ವ್ಯಾಪಾರಿಗಳುಂಟು. ಹೊಗೆಸೊಪ್ಪು ನಮ್ಮ ನಾಡಿನದಲ್ಲ. ಪೋರ್ಚುಗೀಸರ ಮೂಲಕ ಅಮೆರಿಕದಿಂದ ಬಂದದ್ದು. ಅಕ್ಬರನ ದೂತ ಅಸದ್ ಬೇಗನು 1604ರ ಸುಮಾರಿನಲ್ಲಿ ಬಿಜಾಪುರದಲ್ಲಿ ಅದನ್ನು ಕಂಡು, ಅಪೂರ್ವ ವಸ್ತುವೆಂದು ಚಕ್ರವರ್ತಿಗೆ ಒಯ್ದನು. ಬಹಮನಿ ಮನೆತನ ಅದಕ್ಕೂ ಬಹಳ ಹಿಂದೆಯೇ, ಹದಿನಾರನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಮುಗಿದಿತ್ತು. ಇಲ್ಲದ ಹೊಗೆಗೆ ಹುಕ್ಕಾ ಎಲ್ಲಿಯದು? ಹುಕ್ಕಾಗಳಲ್ಲಿಯೂ ದುಂಡಗಿನ ಬುಡದವು ಹಳೆಯವು, ಗಂಟೆಯಾಕಾರದವು ಹದಿನೆಂಟನೆಯ ಶತಮಾನದ ನಡುವಿನಿಂದೀಚಿನವು ಎಂದು ತಜ್ಞರು ಗುರುತಿಸಿದ್ದಾರೆ.

ಊಟದ ನಡುವಣ ಎಡೆಯನ್ನು ತುಂಬಿದ್ದು ಗಟ್ಟಿ ಬೆಳ್ಳಿ. ತಾಮ್ರ ಹಿತ್ತಾಳೆಗಳಿಗೆ ಕಲಾಯಿ ಇಲ್ಲದೆ ಹುಳಿಯನ್ನು ಹಾಕಲಾಗದು, ಹಾಕಿದರೆ ಕಿಲುಬು. ಕಂಚಿನಲ್ಲಿ ಮೊಸರನ್ನಿಡಬಾರದೆಂದು ಹಿರಿಯರು ಹೇಳುತ್ತಾರೆ. ಬೆಳ್ಳಿಗಾದರೋ ಹುಳಿಯ ಭಯವಿಲ್ಲ, ಕಲಾಯಿಯ ಖರ್ಚಿಲ್ಲ. ತುಪ್ಪದ ಗಿಂಡಿ, ಮೊಸರಿನ ಬಟ್ಟಲು, ಹಾಲಿನ ಲೋಟ, ಕೂಸಿಗೆ ಹಾಲೂಡಿಸುವ ಒಳಲೆ ಇವನ್ನು ಬೆಳ್ಳಿಯಲ್ಲಿ ಮಾಡಿಸಿದ್ದು ಕೇವಲ ಆಡಂಬರಕ್ಕಲ್ಲ. ಬೆಳ್ಳಿಗಿರುವ ವೈರಿ ಗಂಧಕ. ಉಳ್ಳಾಗಡ್ಡಿ, ಬಳ್ಳೊಳ್ಳಿಗಳು ತಗುಲಿದರೆ ಅದು ಕಪ್ಪುಗಟ್ಟುತ್ತದೆ. ಜೋಳದ ರೊಟ್ಟಿಯೊಂದಿಗೆ ಬಳ್ಳೊಳ್ಳಿಯ ಖಾರವನ್ನು ನಿತ್ಯವೂ ಉಣ್ಣುವ ಈ ಸೀಮೆಯಲ್ಲಿ ಬೆಳ್ಳಿಯ ತಟ್ಟೆಯು ನಿತ್ಯದ ಪಾತ್ರೆಯಾಗದೆ, ಹಬ್ಬ ಮದುವೆಗಳ ಸಿಹಿಯೂಟಕ್ಕೂ, ಬೀಗರ ಸತ್ಕಾರಕ್ಕೂ ಮೀಸಲಾದದ್ದು ಸಹಜ. ನಿತ್ಯದ ಊಟಕ್ಕೆ ಎತ್ತರದ ಅಂಚಿನ ಕಂಚಿನ ಗಂಗಾಳವೇ ಸರಿ: ರೊಟ್ಟಿಯನ್ನು ಮುರಿದು ಹಾಲಿನಲ್ಲಿಯೋ ಸಾರಿನಲ್ಲಿಯೋ ನೆನೆಸಿ ಉಣ್ಣುವವನಿಗೆ ಚಪ್ಪಟೆ ತಟ್ಟೆ ಪ್ರಯೋಜನಕ್ಕೆ ಬಾರದು. ನೂರಾರು ಜನರ ಪಂಕ್ತಿಗೆ ಮುತ್ತುಗದ ಎಲೆಯ ಪತ್ರಾವಳಿ.

ಬೆಳ್ಳಿ ಎಲ್ಲಿಂದ ಬಂತು ಎಂಬುದನ್ನೂ ವಿಚಾರಿಸಬೇಕು. ಕನ್ನಡ ನಾಡಿನಲ್ಲಿ ಚಿನ್ನದ ಗಣಿಗಳಿದ್ದುವು; ಹೇಳಿಕೊಳ್ಳುವಂತಹ ಬೆಳ್ಳಿಯ ಗಣಿಗಳಿರಲಿಲ್ಲ. ಚಾಲುಕ್ಯರ ಗದ್ಯಾಣವೂ ವಿಜಯನಗರದ ವರಾಹವೂ ಚಿನ್ನದವು. ಬೆಳ್ಳಿ ಬಹುಮಟ್ಟಿಗೆ ಹಡಗಿನಲ್ಲಿ ಬಂದದ್ದು, ಹದಿನಾರನೆಯ ಶತಮಾನದಿಂದೀಚೆಗೆ ಅಮೆರಿಕದ ಗಣಿಗಳ ಬೆಳ್ಳಿಯೂ ಅದರಲ್ಲಿ ಸೇರಿತು. ಮುಂದೆ 1871ರಿಂದೀಚೆಗೆ ಜರ್ಮನಿ ಮೊದಲಾದ ದೇಶಗಳು ಬೆಳ್ಳಿಯ ನಾಣ್ಯವನ್ನು ಬಿಟ್ಟು ಚಿನ್ನದ ನಾಣ್ಯಕ್ಕೆ ತೊಡಗಿದಾಗ ಬೆಳ್ಳಿಯ ಬೆಲೆ ಲೋಕದಲ್ಲೆಲ್ಲ ಇಳಿಯಿತು. ಇಳಿದ ಬೆಳ್ಳಿ ಹಿಂದುಸ್ಥಾನಕ್ಕೆ ಹರಿದುಬಂತು. ಕಡೆಗೆ 1893ರಲ್ಲಿ ಸರಕಾರವು ಟಂಕಸಾಲೆಗಳಲ್ಲಿ ಜನರು ತಂದ ಬೆಳ್ಳಿಯನ್ನು ನಾಣ್ಯ ಮಾಡಿಕೊಡುವುದನ್ನೇ ನಿಲ್ಲಿಸಬೇಕಾಯಿತು. ಮನೆಮನೆಗಳಲ್ಲಿ ‘ಮುತ್ತಜ್ಜನ ಕಾಲದ್ದು’ ಎಂದು ತೋರಿಸುವ ಬೆಳ್ಳಿಯ ತಟ್ಟೆ, ತಂಬಿಗೆಗಳಲ್ಲಿ ಬಹಳಷ್ಟು ಈ ಇಳಿಗಾಲದ ಅಥವಾ ಅದಕ್ಕೀಚಿನವಾಗಿರುವುದು ಸಂಭವನೀಯ. ಸಾಧಾರಣ ಅನುಕೂಲಸ್ಥರಿಗೂ ಬೆಳ್ಳಿ ಎಟುಕಿದ ಕಾಲವದು. ಅತ್ತ ಹೈದರಾಬಾದಿನಲ್ಲಿ ಇದೇ ಕಾಲದಲ್ಲಿ ಕಟ್ಟಿದ ಫಲಕ್‌ನುಮಾ ಅರಮನೆಯಲ್ಲಿ 101 ಮಂದಿ ಕುಳಿತು ಉಣ್ಣುವ ಮೇಜು ಬಂತು, ದಸ್ತರಖಾನವು ಮೇಜಿಗೇರಿತು. ಕಲ್ಯಾಣಿಯ ನವಾಬರ ಜಹಗೀರಿನಲ್ಲಿ ನೆಲದ ಮೇಲಿನ ಅಡ್ಡಣಿಗೆ ಅಲುಗಲಿಲ್ಲ.

ನಿಜಾಮನ ಸೀಮೆಯ ಮನೆಗಳಲ್ಲಿ ಬೆಳ್ಳಿಯ ಪಾತ್ರೆಯೆಂದರೆ ಒಂದು ರೀತಿಯಲ್ಲಿ ರೂಪಾಯಿಯೇ. ಅಕ್ಕಸಾಲಿಗನಿಗೆ ರೂಪಾಯಿ ಮೂರು ವಿಧದಲ್ಲಿ ಉಪಯುಕ್ತ: ಕರಗಿಸುವ ಬೆಳ್ಳಿಯಾಗಿ, ತೂಗುವ ಕಲ್ಲಾಗಿ, ಶುದ್ಧಿಯ ಪ್ರಮಾಣವಾಗಿ. ಇಂಗ್ಲಿಷರ ಕಲ್ದಾರ್ ರೂಪಾಯಿಯ ತೂಕ ಒಂದು ತೊಲ, ಎಂದರೆ 11.66 ಗ್ರಾಂ; ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ನಿಜಾಮನ ಹಾಲಿ ಸಿಕ್ಕಾ ರೂಪಾಯಿ 11.18 ಗ್ರಾಂ, ಸಾವಿರದಲ್ಲಿ 818 ಪಾಲು ಬೆಳ್ಳಿ. ಲೆಕ್ಕ ಹಾಕಿದರೆ ಕಲ್ದಾರಿನಲ್ಲಿ ಸುಮಾರು 10.69 ಗ್ರಾಂ, ಹಾಲಿ ಸಿಕ್ಕಾದಲ್ಲಿ 9.14 ಗ್ರಾಂ ಶುದ್ಧ ಬೆಳ್ಳಿ. ಆರು ಕಲ್ದಾರಿಗೆ ಏಳು ಹಾಲಿ ಎಂಬ ವಿನಿಮಯದ ದರಕ್ಕೂ ಈ ಲೆಕ್ಕಕ್ಕೂ ಕೂದಲೆಳೆಯಷ್ಟೇ ಅಂತರ. ಕಲ್ದಾರನ್ನು ಕರಗಿಸಿ ಮಾಡಿದ ಬಟ್ಟಲಿಗೂ ಹಾಲಿಯನ್ನು ಕರಗಿಸಿ ಮಾಡಿದ ಬಟ್ಟಲಿಗೂ ಒರೆಗಲ್ಲಿನ ಮೇಲೆ ಭೇದ ತೋರುವುದು ಇದರಿಂದಲೇ.

ಪಾಶ್ಚಾತ್ಯ ದೇಶಗಳ ಬೆಳ್ಳಿಯನ್ನು ಅಭ್ಯಾಸ ಮಾಡುವವರಿಗೆ ಕೆಲಸ ಸುಲಭ. ಇಂಗ್ಲೆಂಡಿನಲ್ಲಿ 1300ರಲ್ಲಿಯೇ ಬೆಳ್ಳಿಯ ಶುದ್ಧಿ ಸಾವಿರಕ್ಕೆ 925 ಇರಬೇಕೆಂದು ಶಾಸನವಾಯಿತು. 1478ರಿಂದ ಲಂಡನ್ನಿನಲ್ಲಿ ವರ್ಷಕ್ಕೊಂದು ಅಕ್ಷರವನ್ನು ಪಾತ್ರೆಯ ಮೇಲೆ ಒತ್ತತೊಡಗಿದರು. ಚಮಚವನ್ನು ತಿರುವಿ ನೋಡಿದರೆ ಮಾಡಿದ ವರ್ಷ ತಿಳಿಯುತ್ತದೆ. ನಮ್ಮಲ್ಲಿ ಬೆಳ್ಳಿಗೆ ಸರಕಾರಿ ಮುದ್ರೆಯ ವ್ಯವಸ್ಥೆ ಬಂದದ್ದು 2005ರಲ್ಲಿ. ಆದ್ದರಿಂದ ಹಳೆಯ ಪಾತ್ರೆಯು ತನ್ನ ಮೈಯಿಂದಲೇ ಮಾತನಾಡಬೇಕು. ಬೆನ್ನಿನ ಮೇಲೆ ಸುತ್ತಿಗೆಯ ಸಾಲುಗುರುತುಗಳಿದ್ದರೆ ತಗಡನ್ನು ಕೈಯಿಂದ ಬಡಿದು ಎಬ್ಬಿಸಿದ್ದು. ಒಂದೇ ಕೇಂದ್ರದ ಸುತ್ತ ನವಿರು ಗೆರೆಗಳಿದ್ದರೆ ಚರಕಿಯ ಮೇಲೆ ತಿರುಗಿಸಿದ್ದು. ಅರಗಿನ ಮೇಲೆ ಮಲಗಿಸಿ ಹಿಂದಿನಿಂದ ಉಬ್ಬಿಸಿದ ಹೂಬಳ್ಳಿಗೆ ಹಿಂಬದಿಯಲ್ಲಿ ತಗ್ಗು ಕಾಣುತ್ತದೆ. ಯಂತ್ರದಲ್ಲಿ ಒತ್ತಿದ ಹೂವುಗಳು ಒಂದನ್ನೊಂದು ಅಚ್ಚಳಿಯದೆ ಹೋಲುತ್ತವೆ. ಅಂಚಿನ ಕೆಳಗೆ ಚುಕ್ಕೆಚುಕ್ಕೆಯಾಗಿ ಕೊರೆದ ಹೆಸರುಗಳಿರುತ್ತವೆ. ಕನ್ನಡ, ಮರಾಠಿ, ಉರ್ದು ಮೂರೂ ಕೂಡುವ ಈ ಗಡಿಸೀಮೆಯಲ್ಲಿ ಹೆಸರು ಯಾವ ಲಿಪಿಯಲ್ಲಿದೆ ಎಂಬುದೂ ಒಂದು ದಾಖಲೆಯೇ. ತವರಿನಿಂದ ಬಂದ ಪಾತ್ರೆ ಮತ್ತೊಂದು ಲಿಪಿಯ ಊರಿನಿಂದ ಬಂದಿರಬಹುದು.

ಇಷ್ಟನ್ನೂ ಹೇಳುವ ಪಾತ್ರೆಗಳು ಮೂಸೆಗೆ ಬೀಳುತ್ತಿರುವುದೇ ಕಳವಳದ ಸಂಗತಿ. ಬೆಳ್ಳಿಯ ಬೆಲೆ ಏರಿದಂತೆಲ್ಲ ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವವರು ಹೆಚ್ಚುತ್ತಾರೆ. ಕೊಳ್ಳುವವನು ತೂಕಕ್ಕೆ ಬೆಲೆ ಕೊಡುತ್ತಾನೆ, ಕೈಕೆಲಸಕ್ಕೆ ಕೊಡುವುದಿಲ್ಲ. ಮನೆಯವರನ್ನು ಇದಕ್ಕಾಗಿ ದೂರುವುದು ತರವಲ್ಲ. ಬೆಳ್ಳಿಯನ್ನು ಪಾತ್ರೆಯಾಗಿ ಮಾಡಿಸಿದ್ದೇ ಕಷ್ಟಕಾಲಕ್ಕೆ ಆದೀತೆಂದು. ಬರಗಾಲದಲ್ಲಿ ತಟ್ಟೆಯನ್ನು ಮಾರಿ ಜೋಳ ತಂದವರು ಆ ತಟ್ಟೆಯ ಉದ್ದೇಶವನ್ನೇ ನೆರವೇರಿಸಿದರು. ಆದರೆ ಮಾರುವ ಮುನ್ನ ಒಂದು ಭಾವಚಿತ್ರ ತೆಗೆದು, ಅಳತೆ, ತೂಕ, ಹೆಸರು, ಯಾರ ಮದುವೆಯಲ್ಲಿ ಬಂದದ್ದು ಎಂಬ ನೆನಪು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಲು ಅರ್ಧ ಗಳಿಗೆ ಸಾಕು. ಸಾಹಿತ್ಯದ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಈ ಕೆಲಸವನ್ನು ಮಾಡಬಹುದು.

ತೂಕವನ್ನು ಬರೆಯುವಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಳೆಯ ತಟ್ಟೆಗಳ ಬೆನ್ನಿನ ಮೇಲೆ ಮಾಡಿದಾಗಿನ ತೂಕವನ್ನು ಕೊರೆದಿರುವುದುಂಟು. ತಟ್ಟೆಯೊಂದರ ಮೇಲೆ 40 ಎಂದು ಕೊರೆದಿದ್ದು, ಈಗ ತೂಗಿದರೆ 446 ಗ್ರಾಂ ಬಂದಿತೆಂದು ಇಟ್ಟುಕೊಳ್ಳೋಣ. 40 ಎಂಬುದು ಕಲ್ದಾರಿನ ತೊಲವಾದರೆ ಮೂಲ ತೂಕ 466 ಗ್ರಾಂ. ಎಂದರೆ ಇಪ್ಪತ್ತು ಗ್ರಾಂ ಬೆಳ್ಳಿ ಹುಣಿಸೆಹಣ್ಣು, ಬೂದಿಗಳ ಉಜ್ಜುವಿಕೆಯಲ್ಲಿ ಸವೆದುಹೋಗಿದೆ. ಆ ಮನೆಯವರು ಅದರಲ್ಲಿ ತಲೆಮಾರುಗಳ ಕಾಲ ಉಂಡಿದ್ದಾರೆ. 40 ಎಂಬುದು ಹಾಲಿ ಸಿಕ್ಕಾ ರೂಪಾಯಿಯ ತೂಕವಾದರೆ ಮೂಲ ತೂಕ 447 ಗ್ರಾಂ. ಎಂದರೆ ತಟ್ಟೆ ಸವೆದೇ ಇಲ್ಲ, ಪೆಟ್ಟಿಗೆಯಲ್ಲಿಯೇ ಇದ್ದಿತು. ಎರಡರಲ್ಲಿ ಯಾವುದು ದಿಟವೆಂಬುದನ್ನು ತಟ್ಟೆಯ ಒಳಮೈಯನ್ನು ಬೆಳಕಿಗೆ ಹಿಡಿದು ತಿಳಿಯಬೇಕು. ಹೂಬಳ್ಳಿಯ ಏಣುಗಳು ನಯವಾಗಿ, ಅನ್ನ ಕಲಸುವ ಬೆರಳು ಆಡುವ ಎಡೆಯಲ್ಲಿ ಮೈ ತೆಳುವಾಗಿದ್ದರೆ ಮೊದಲನೆಯದು. ಉಳಿಯ ಗುರುತುಗಳು ನಿನ್ನೆ ಕೊರೆದಂತೆ ಚೂಪಾಗಿದ್ದರೆ ಎರಡನೆಯದು.